ಮಾವನವರ ಕಾರಿನ ಹೊಗೆ

ಮಾಲೂರಿನಿಂದ ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದಕ್ಕೆ ನಾನು ಸೊಸೆಯಾಗಿ ಬಂದದ್ದು ಮಾವನವರ ಬಾಡಿಗೆ ಕಾರಿನಲ್ಲಿ. ಎಂಬತ್ತರ ದಶಕದ ಮೊದಲ ವರ್ಷಗಳವು. ಹಿಂದೆ ವ್ಯಾನಿನಲ್ಲಿ ಬರುತ್ತಿದ್ದ ನಮ್ಮ ಕಡೆಯ ನೆಂಟರು ಊರು ಮುಟ್ಟುವಷ್ಟರಲ್ಲಿ ಕೆಮ್ಮಿ ಕೆಮ್ಮಿ ಸುಸ್ತಾಗಿದ್ದರು. ಗಂಡಿನ ಕಡೆಯವರಿಗೆ ಕಾರಿದೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ ನನ್ನ ಅಪ್ಪ ಕಣ್ಣೊರೆಸಿಕೊಳ್ಳುತ್ತಲೇ ಇಳಿದರು. ಮಗಳನ್ನು ಒಪ್ಪಿಸುವ ದುಃಖ ಎಂದು ಎಲ್ಲರೂ ಸಮಾಧಾನ ಹೇಳಿದರು. ಅಪ್ಪ ತಿದ್ದಲು ಹೋಗಲಿಲ್ಲ.

ಆ ಕಾರು ಹುಟ್ಟಿದ್ದು ಪೆಟ್ರೋಲ್ ಕಾರಾಗಿ. ಯಾರೋ ಮಾರಿದ್ದನ್ನು ಮಾವ ಕೊಂಡು, ಅದಕ್ಕೆ ಇನ್ಯಾವುದೋ ಮುದಿ ಗಾಡಿಯ ಡೀಸೆಲ್ ಇಂಜಿನ್ ಕೂರಿಸಿ, ಮುಳಬಾಗಿಲಿನಿಂದ ನಂಗಲಿಗೆ ಬಾಡಿಗೆ ಓಡಿಸುತ್ತಿದ್ದರು. ಒಳಗೆ ಜನ, ಡಿಕ್ಕಿಯಲ್ಲಿ ಟೊಮೇಟೊ ಬುಟ್ಟಿ, ಹಿಂದೆ ಹೊಗೆ. ತಿರುವಿನಾಚೆ ಹೊಗೆ ಕಂಡ ಕೂಡಲೇ ದಾರಿಯಲ್ಲಿ ಕಾಯುತ್ತಿದ್ದವರು ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು.

ಮಾವ ಬಹಳ ಗತ್ತಿನ ಮನುಷ್ಯ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಹಾಲಿನಂಥ ಬಿಳಿ ಟವೆಲು. ಅವರು ಒಳಗೆ ಬಂದರೆ ನಾವು ಹೆಂಗಸರು ಎದ್ದು ನಿಲ್ಲಬೇಕು. ಆ ಮನುಷ್ಯ ಬೆಳಿಗ್ಗೆ ಕಾರಿನ ಮುಂದೆ ಮಾತ್ರ ಬಗ್ಗಿ ನಿಂತು ತೆಲುಗಿನಲ್ಲಿ ಬೇಡಿಕೊಳ್ಳುತ್ತಿದ್ದರು. "ಬಂಗಾರೂ, ಲೇ ತಲ್ಲೀ" ಎನ್ನುತ್ತಿದ್ದರು. ಚಿನ್ನ, ಏಳಮ್ಮಾ ಎಂದು. ಅತ್ತೆಯನ್ನು ಅವರು ಕರೆಯುತ್ತಿದ್ದದ್ದು "ಏಯ್" ಎಂದು.

ಬಾಡಿಗೆ ಗಾಡಿಗೆ ವರ್ಷ ವರ್ಷ ಎಫ್‌ಸಿ ಮಾಡಿಸಬೇಕು. ಕೋಲಾರಕ್ಕೆ ಒಯ್ದು ಬ್ರೇಕ್ ಇನ್ಸ್‌ಪೆಕ್ಟರಿಗೆ ತೋರಿಸಿ, ರಸ್ತೆಯ ಮೇಲೆ ಓಡಾಡಲು ಗಾಡಿ ಲಾಯಕ್ಕು ಎಂದು ಬರೆಸಿಕೊಳ್ಳಬೇಕು. ಹಳೆಯ ಇನ್ಸ್‌ಪೆಕ್ಟರು ಹಾರನ್ನು, ಬ್ರೇಕು, ದೀಪ ನೋಡಿ ಬಿಡುತ್ತಿದ್ದರಂತೆ. ನಾನು ಸೊಸೆಯಾಗಿ ಬಂದ ವರ್ಷ ಹೊಸಬರು ಬಂದಿದ್ದರು. ಅವರಿಗೆ ಹೊಗೆ ಕಂಡರಾಗದು ಎಂಬ ಸುದ್ದಿ ನಂಗಲಿಯ ಲಾರಿಯವರಿಂದ ನಮ್ಮ ಮನೆಗೆ ತಲುಪಿತು.

ಮಾವ ಮುಳಬಾಗಿಲಿನ ಮೆಕ್ಯಾನಿಕ್ಕನ್ನು ಕೇಳಿದರು. "ಇಂಜಿನ್ ಬಿಚ್ಚಿ ರಿಂಗು ಬದಲಾಯಿಸ್ಬೇಕು ಯಜಮಾನ್ರೇ. ಬ್ಯಾಡ ಅಂದ್ರೆ ಗಟ್ಟಿ ಆಯಿಲ್ ಹಾಕ್ತೀನಿ. ಇಂಜಿನ್ ತಣ್ಣಗಿರೋವಾಗ್ಲೇ ತೋರಿಸ್ಬಿಡಿ, ಹೊಗೆ ಅಷ್ಟು ಕಾಣಲ್ಲ" ಎಂದ. ಮಾವನಿಗೆ ಎರಡನೆಯ ದಾರಿ ಹಿಡಿಸಿತು.

ಹೊಸ ಇನ್ಸ್‌ಪೆಕ್ಟರು ಇಂಗ್ಲಿಷಿನಲ್ಲಿ ಬೈದರೆ ಅರ್ಥ ಹೇಳಲು ಪಿಯುಸಿ ಓದಿದ್ದ ನಾನು ಬೇಕಾಯಿತು. ಬೇರೆ ಊರಿನಲ್ಲಿ ಕೆಲಸಕ್ಕಿದ್ದ ನನ್ನ ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಮಾವನ ಜೊತೆ ಸೊಸೆ ಒಬ್ಬಳೇ ಹೋಗುವುದು ಚೆನ್ನಾಗಿರುವುದಿಲ್ಲವೆಂದು ಅತ್ತೆಯೂ ಹೊರಟರು. ಬಳೆ ಕೊಳ್ಳುವುದೂ ಇತ್ತು.

ಕೋಲಾರ ಇನ್ನೂ ಸ್ವಲ್ಪ ದೂರವಿರುವಾಗ ಮಾವ ಒಂದು ಹುಣಸೆಮರದ ಕೆಳಗೆ ಕಾರು ನಿಲ್ಲಿಸಿ, ಗೋಣಿಚೀಲ ನೆನೆಸಿ ಬಾನೆಟ್ಟಿನ ಮೇಲೆ ಹೊದಿಸಿದರು. ಒಣಗಿದಂತೆಲ್ಲ ಮತ್ತೆ ನೆನೆಸಿದರು. ಅತ್ತೆ ನೆರಳಲ್ಲಿ ಎಲೆಅಡಿಕೆ ಮೆಲ್ಲುತ್ತ, "ನೋಡಮ್ಮಾಯಿ, ನಿನ್ನ ಗಂಡಂಗೆ ಸಣ್ಣವನಿದ್ದಾಗ ಜ್ವರ ಬಂದ್ರೆ ಒಂದು ದಿನಾನೂ ಈವಯ್ಯ ಒದ್ದೆ ಬಟ್ಟೆ ಹಾಕಿದ್ದಿಲ್ಲ" ಎಂದರು. ಮಾವ ಕೇಳಿಸದವರಂತೆ ಚೀಲ ಹಿಂಡಿದರು.

ಕಾರು ತಣ್ಣಗಾಯಿತು. ಆದರೆ ಇನ್ಸ್‌ಪೆಕ್ಟರು ಗಾಡಿ ನೋಡುವ ಮೈದಾನದಲ್ಲಿ ನಮಗಿಂತ ಮುಂದೆ ಲಾರಿಗಳ ಸಾಲಿತ್ತು. ಸಾಲಿನ ನಡುವೆ ಆರಿಸಿದರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂಬ ಭಯಕ್ಕೆ ಮಾವ ಇಂಜಿನ್ ನಿಲ್ಲಿಸಲೇ ಇಲ್ಲ. ನಮ್ಮ ಸರದಿ ಬರುವಾಗ ಬಾನೆಟ್ಟಿನ ಮೇಲೆ ರೊಟ್ಟಿ ತಟ್ಟಬಹುದಿತ್ತು.

ಇನ್ಸ್‌ಪೆಕ್ಟರು ಸಣ್ಣ ವಯಸ್ಸಿನವರು, ಮೆಲುಮಾತಿನವರು. ಅಚ್ಚ ಕನ್ನಡದಲ್ಲೇ ಮಾತಾಡಿದ್ದರಿಂದ ನನಗೆ ಕೆಲಸವಿಲ್ಲದಂತಾಯಿತು. ಬ್ರೇಕು ನೋಡಿದರು, ಸರಿಯಿತ್ತು. ಹಾರನ್ನು ಸರಿಯಿತ್ತು. ಆಮೇಲೆ, "ಒಂದು ಬಿಳಿ ಬಟ್ಟೆ ಇದ್ರೆ ಕೊಡಿ" ಎಂದರು.

ಬಿಳಿ ಬಟ್ಟೆ ಇದ್ದದ್ದು ಮಾವನ ಹೆಗಲ ಮೇಲೆ ಮಾತ್ರ. ಸಾವಿನ ಮನೆಯಲ್ಲಿ ಬಿಟ್ಟರೆ ಅದು ಅಲ್ಲಿಂದ ಇಳಿದದ್ದನ್ನು ನಾನು ಕಂಡಿರಲಿಲ್ಲ. ಮಾವ ಟವೆಲು ಕೊಟ್ಟು ಸೀಟಿನಲ್ಲಿ ಕೂತರು. ಇನ್ಸ್‌ಪೆಕ್ಟರು ಅದನ್ನು ಸೈಲೆನ್ಸರ್ ಬಾಯಿಗೆ ಹಿಡಿದು, "ರೇಸ್ ಮಾಡಿ" ಎಂದರು.

ಹೊಗೆ ಇಳಿದಾಗ ಇನ್ಸ್‌ಪೆಕ್ಟರ ಕೈಯಲ್ಲಿ ಮಸಿ ಅರಿವೆಯೊಂದು ನೇತಾಡುತ್ತಿತ್ತು. ಅವರ ಮೂಗಿನ ತುದಿಯೂ ಕಪ್ಪಾಗಿತ್ತು. "ಯಜಮಾನ್ರೇ, ಇದನ್ನ ಉಸಿರಾಡೋರು ಮನುಷ್ಯರು ಅಲ್ವಾ? ಇಂಜಿನ್ ರಿಪೇರಿ ಮಾಡಿಸ್ಕೊಂಡು ಬನ್ನಿ" ಎಂದು ಟವೆಲು ಮಡಿಸಿ, ಎರಡೂ ಕೈಯಲ್ಲಿ ಮರ್ಯಾದೆಯಿಂದ ಹಿಂದಿರುಗಿಸಿದರು.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಅಳುತ್ತಿದ್ದಾರೆಂದು ಇನ್ಸ್‌ಪೆಕ್ಟರು ತಿಳಿದಿರಬೇಕು, "ಹೆದರ್ಬೇಡಿಮ್ಮ" ಎಂದರು. ನಾನು ಅತ್ತೆಯ ಪಕ್ಕದಲ್ಲೇ ಇದ್ದೆ. ಅವರ ಭುಜ ಕುಣಿಯುತ್ತಿದ್ದದ್ದು ಬೇರೆ ಕಾರಣಕ್ಕೆ.

ಮಾವ ಕಾರನ್ನು ನೇರ ಊರಿಗೆ ತಿರುಗಿಸಿದರು. ಬಳೆ ಕೊಳ್ಳುವುದೂ ಮರೆತುಹೋಯಿತು. ಆದರೆ ಇನ್ಸ್‌ಪೆಕ್ಟರು ಕೇಳಿದ ಪ್ರಶ್ನೆ ಅತ್ತೆಯ ತಲೆಯಲ್ಲಿ ಕೂತುಬಿಟ್ಟಿತ್ತೆಂದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಮಾವನ ಒಗೆದಿಟ್ಟ ಇನ್ನೊಂದು ಬಿಳಿ ಟವೆಲನ್ನು ಅವರು ಒಲೆಯ ಮೇಲಿನ ತೊಲೆಗೆ ಕಟ್ಟಿ, ಒಲೆಗೆ ಹಸಿ ಸೌದೆ ಹಾಕಿ ನೀರು ಕಾಯಲು ಇಟ್ಟರು. ನಮ್ಮ ಅಡುಗೆಮನೆಗೆ ಕಿಟಕಿ ಇರಲಿಲ್ಲ. ಹೊಗೆ ಹೆಂಚಿನ ಸಂದಿ ಹುಡುಕಿಕೊಂಡು ಹೋಗಬೇಕು, ಅಲ್ಲಿಯವರೆಗೆ ನಮ್ಮ ಕಣ್ಣು ಮೂಗುಗಳಲ್ಲಿ ತಂಗಿರಬೇಕು. ನೀರು ಕುದಿಯುವಷ್ಟರಲ್ಲಿ ಟವೆಲು ಹೊಗೆಬಣ್ಣಕ್ಕೆ ತಿರುಗಿತು. ಅತ್ತೆ ನೀರು ಸುರಿದು ಒಲೆ ಆರಿಸಿ, ಟವೆಲು ಬಿಚ್ಚಿ ತಂದು, ಜಗುಲಿಯಲ್ಲಿ ಕೂತಿದ್ದ ಮಾವನ ಮುಂದೆ ಹರಡಿಬಿಟ್ಟರು.

"ಏನಿದು?" ಎಂದರು ಮಾವ.

"ನನ್ನ ಒಲೆ ಫೇಲಾಯ್ತು. ರಿಪೇರಿ ಆಗೋವರೆಗೂ ಹಚ್ಚಲ್ಲ."

"ತಲೆ ಕೆಟ್ಟೈತಾ ನಿಂಗೆ?"

"ದಾರಿಯೋರು ಉಸಿರಾಡ್ತಾರೆ ಅಂತ ಇನ್ಸ್‌ಪೆಕ್ಟ್ರು ಹೇಳಿದ್ರಲ್ಲ. ನಾನು ಮದುವೆಯಾಗಿ ಬಂದಾಗಿಂದ ಇದನ್ನೇ ಉಸಿರಾಡ್ತಿದೀನಿ. ನನ್ನ ಕಣ್ಣಿಂದ ನೀರು ಸುರಿಯೋವಾಗ ನೀನು ಯಾವತ್ತಾದ್ರೂ ಕೇಳಿದ್ದೀಯೇನಯ್ಯಾ?"

ಅತ್ತೆ ಅವರನ್ನು ಏಕವಚನದಲ್ಲಿ ಮಾತಾಡಿಸಿದ್ದು ನಾನು ಕೇಳಿದ್ದು ಅದೇ ಮೊದಲು. ಮಾವನಿಗೂ ಹೊಸದೇ ಇರಬೇಕು. ಆ ದಿನ ನಾವು ಅವಲಕ್ಕಿ ಮೊಸರು ತಿಂದೆವು. ಮಾರನೆಯ ದಿನವೂ ಅದೇ. ಮುದ್ದೆಯಿಲ್ಲದೆ ಮಾವನ ಗತ್ತು ಬಹಳ ಕಾಲ ನಿಲ್ಲುವಂಥದ್ದಾಗಿರಲಿಲ್ಲ. ಸಂಜೆ ಹೊತ್ತಿಗೆ ಅಡುಗೆಮನೆಯ ಹೊಸ್ತಿಲಿಗೆ ಬಂದರು. ಅಲ್ಲಿಗೆ ಅವರು ಬಂದದ್ದನ್ನೂ ನಾನು ಅದುವರೆಗೆ ನೋಡಿರಲಿಲ್ಲ. ಕತ್ತೆತ್ತಿ ಕರಿ ತೊಲೆಗಳನ್ನು ನೋಡಿ, "ಇಷ್ಟು ಕಪ್ಪಗೈತಾ ಇಲ್ಲಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಆ ವಾರ ಮೆಕ್ಯಾನಿಕ್ಕು ಹುಣಸೆಹಣ್ಣು ಬಿಡಿಸಿದಂತೆ ಇಂಜಿನ್ ಬಿಚ್ಚಿ ಅಂಗಳದಲ್ಲಿ ಹರಡಿದ. ಒಳಗೆ ಗಾರೆ ಕೆಲಸದವನು ಹೊಗೆ ಇಲ್ಲದ ಒಲೆ ಕಟ್ಟಿ, ಗೋಡೆಗೆ ತೂತು ಹೊಡೆದು ಪೈಪು ಕೂರಿಸಿದ. ಇಬ್ಬರಿಗೂ ಕಾಫಿ ಮಾಡಲು ನಾನು ಪಕ್ಕದ ಮನೆಯ ಒಲೆಗೆ ಓಡಾಡಿದೆ. ರಿಂಗು ಬದಲಾದ ಕಾರನ್ನು ಮಾವ ಒಬ್ಬರೇ ಕೋಲಾರಕ್ಕೆ ಒಯ್ದು ಎಫ್‌ಸಿ ಮಾಡಿಸಿಕೊಂಡು ಬಂದರು. ಇನ್ಸ್‌ಪೆಕ್ಟರು ಏನೆಂದರು ಎಂದು ನಾನು ಕೇಳಿದಾಗ, "ಅಮ್ಮಾವ್ರು ಹೆಂಗಿದಾರೆ ಅಂದ್ರು" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು.

ಆ ಸಂಜೆ ಅತ್ತೆ ಹೊಸ ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟರು. ಅಡುಗೆಮನೆಯಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿಕೊಂಡೆವು. ಅತ್ತೆಯ ಕೆನ್ನೆಯ ಮೇಲೆ ಮಚ್ಚೆಯಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಪಕ್ಕದ ಮನೆಯಾಕೆ ಕೆಮ್ಮುತ್ತ, ಬೈಯುತ್ತ ಬಂದಳು. ಗಾರೆಯವನು ಪೈಪಿನ ಬಾಯಿಯನ್ನು ನೇರ ಅವಳ ಪಡಸಾಲೆಗೆ ತಿರುಗಿಸಿಟ್ಟಿದ್ದ.

ಅತ್ತೆ ಅವಳನ್ನು ಮಣೆ ಹಾಕಿ ಕೂರಿಸಿದರು. "ಕೂತ್ಕೊಳ್ಳೇ, ಬಿಸಿ ಮುದ್ದೆ ಉಂಡು ಆಮೇಲೆ ಬೈಯುವಂತೆ" ಎಂದರು. ಅವಳು ಊಟ ಮಾಡಿ, ಒಲೆಯನ್ನು ಸುತ್ತ ಒಮ್ಮೆ ನೋಡಿ, ಬೈಗುಳವನ್ನು ಅರ್ಧಕ್ಕೇ ಬಿಟ್ಟು, ಗಾರೆಯವನ ಊರು ಯಾವುದೆಂದು ವಿಚಾರಿಸಿಕೊಂಡು ಹೋದಳು.