ಮುಕ್ಕಾದ ಬಾಚಿ

ಆ ವರ್ಷ ನಾನು ಡುವಾಲ್ ಎಂಬ ಅಮೆರಿಕದ ಸಣ್ಣ ಊರಿನಲ್ಲಿ, ದೊಡ್ಡಪ್ಪನ ಮನೆಯ ಹಿಂದಿನ ಹಳೆಯ ಕೊಟ್ಟಿಗೆಯಲ್ಲಿ, ರೋಮನ್ ಬಡಗಿಯಂತೆ ಹಲಗೆ ಕೆತ್ತುತ್ತಿದ್ದೆ. ರೋಮನ್ ಸಾಮ್ರಾಜ್ಯದ ಗಡಿಕೋಟೆಯೊಂದರ ಬಾವಿಯ ಕೆಸರಿನಲ್ಲಿ ಉಳಿದ ಓಕ್ ಹಲಗೆಗಳ ಮೇಲೆ ಬಾಚಿಯ ಏಟಿನ ಗುರುತುಗಳಿವೆ. ಬಾಯಿ ಮುಕ್ಕಾದ ಬಾಚಿ ಪ್ರತಿ ಏಟಿಗೂ ಅದೇ ಅಂತರದಲ್ಲಿ ಗೆರೆ ಬಿಡುತ್ತದೆ. ಗೆರೆಗಳು ಹೊಂದಿದರೆ ಎರಡು ಹಲಗೆಗಳನ್ನು ಒಂದೇ ಬಾಚಿ ಕೆತ್ತಿತು ಎನ್ನಬಹುದೇ? ನನ್ನ ಪಿಎಚ್‌ಡಿಯ ಮುಖ್ಯ ಅಧ್ಯಾಯ ಈ ಪ್ರಶ್ನೆಯ ಮೇಲೆ ನಿಂತಿತ್ತು. ಹಳೆಯ ಮಾದರಿಯಲ್ಲಿ ಬಾಚಿ ಮಾಡಿಸಿ, ಅದರ ಬಾಯಿಗೆ ನಾನೇ ಅರದಿಂದ ಮೂರು ಮುಕ್ಕು ಹಾಕಿದ್ದೆ. ಸಿಕ್ಕಿದ್ದ ಒಂದೇ ಹಸಿ ದಿಮ್ಮಿಯಿಂದ ಇಪ್ಪತ್ತು ಹಲಗೆ ಬೇಕಿತ್ತು, ಒಂಬತ್ತು ಆಗಿದ್ದವು.

ದೊಡ್ಡಪ್ಪ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಭಾಗಗಳ ಅಳತೆ ನೋಡುತ್ತಿದ್ದ ಎಂಜಿನಿಯರ್, ನಿವೃತ್ತರು. ಆಯುಧಪೂಜೆಯ ಬೆಳಿಗ್ಗೆ ನಾನು ಹೋದಾಗ ಕಾರು, ಡ್ರಿಲ್, ಗರಗಸಗಳ ಸಾಲಿನಲ್ಲಿ ನನ್ನ ಬಾಚಿಯೂ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು. ಬಾಯಿ ಹೊಳೆಯುತ್ತಿತ್ತು. ಮುಕ್ಕುಗಳಿರಲಿಲ್ಲ.

"ಗ್ರೈಂಡರ್‌ಗೆ ಹಿಡಿದುಬಿಟ್ಟೆ," ಎಂದರು ದೊಡ್ಡಪ್ಪ. "ಮುಕ್ಕಾಗಿರೋದನ್ನ ಪೂಜೆಗೆ ಇಡ್ತಾರೇನೇ?"

"ಆ ಮುಕ್ಕೇ ನನ್ನ ಎಕ್ಸ್‌ಪರಿಮೆಂಟು. ಹೇಳಿದ್ನಲ್ಲ ದೊಡ್ಡಪ್ಪ."

ಅವರು ಇಸ್ಸಾಕ್ವಾದಿಂದ ಬಂದಿದ್ದ ಅತಿಥಿಗಳ ಕಡೆ ತಿರುಗಿದರು. "ನೋಡ್ರಿ, ಮೊಂಡು ಬಾಚೀಲಿ ಡಾಕ್ಟರೇಟ್ ಮಾಡ್ತಿದಾಳೆ ನಮ್ಮ ಹುಡುಗಿ. ಯಾಕಮ್ಮ, ರೋಮನ್ನರು ಸಾಣೆ ಹಿಡೀತಿರ್ಲಿಲ್ವಾ? ನಿನ್ ಥರ ಸೋಮಾರಿಗಳಾ ಅವರು?"

ಎಲ್ಲರೂ ನಕ್ಕರು.

ಕೆಲವು ತಿಂಗಳಿಂದ ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಕಾರಣ ನನಗೆ ಗೊತ್ತಿತ್ತು. ದೊಡ್ಡಮ್ಮನಿಗೆ ಹೇಳಬೇಡವೆಂದು ಅವರೇ ಕೇಳಿಕೊಂಡಿದ್ದರು. ನಾನು ಬಾಚಿಯ ಬಾಯಿಗೆ ಸ್ಟೀಲ್ ಸ್ಕೇಲ್ ಒತ್ತಿ, ಎಲ್ಲರಿಗೂ ಕಾಣುವಂತೆ ಕಿಟಕಿಯ ಕಡೆ ಎತ್ತಿ ಹಿಡಿದೆ. ನಡುವಿನ ಸಂದಿಯಲ್ಲಿ ಎರಡು ಕಡೆ ಬೆಳಕು ಇಣುಕಿತು.

"ಅಲೆ ಅಲೆಯಾಗಿದೆ. ಈಗ ಕೈ ತುಂಬಾ ನಡುಗತ್ತಾ, ದೊಡ್ಡಪ್ಪ?"

ಅವರು ಕೈಯನ್ನು ಜಾಕೆಟ್ ಜೇಬಿಗೆ ಇಳಿಸಿದರು. ದೊಡ್ಡಮ್ಮ ಆರತಿ ತಟ್ಟೆ ಹಿಡಿದು ಆ ಜೇಬನ್ನೇ ನೋಡುತ್ತ ನಿಂತರು.

ದಿಮ್ಮಿ ಒಣಗುವ ಮೊದಲು ಉಳಿದ ಹನ್ನೊಂದು ಹಲಗೆಗಳನ್ನು ಅದೇ ಬಾಚಿಯಿಂದ ಕೆತ್ತಿದೆ. ಅವರ ಕೈಯ ಅಲೆ ನನ್ನ ಮುಕ್ಕುಗಳಿಗಿಂತ ಸ್ಪಷ್ಟವಾಗಿ ಮರದಲ್ಲಿ ಮೂಡಿತು. ಸಾಣೆಗೆ ಮೊದಲು, ಸಾಣೆಯ ನಂತರ ಎಂದು ಎರಡು ಭಾಗವಾಗಿ ಅಧ್ಯಾಯ ಉಳಿದುಕೊಂಡಿತು. ಅಡಿಟಿಪ್ಪಣಿಯಲ್ಲಿ ಬರೆದೆ: ಸಾಣೆ ಹಿಡಿದವರು ವೃದ್ಧರು, ಕೈ ಸ್ಥಿರವಿಲ್ಲ. ಈ ಸಾಲು ಅಗತ್ಯವೇ ಎಂದು ಮಾರ್ಗದರ್ಶಕರು ಕೇಳಿದರು. ನಿಖರತೆಗೆ ಬೇಕು ಎಂದೆ.

ಪ್ರಬಂಧದ ಒಂದು ಪ್ರತಿಯನ್ನು, ಆ ಅಡಿಟಿಪ್ಪಣಿಯ ಪುಟದಲ್ಲಿ ಕಾಗದದ ಚೂರಿಟ್ಟು, ಡುವಾಲ್‌ಗೆ ದೊಡ್ಡಪ್ಪನ ಹೆಸರಿಗೆ ಅಂಚೆಯಲ್ಲಿ ಕಳಿಸಿದೆ.