ಓರ್ಕಾಗೊಂದು ಮರೆ

ಅಳತೆಯಲ್ಲಿ ಜಿಪುಣತನ ತೋರಿಸುವುದೇ ನನ್ನ ಹೆಮ್ಮೆಯಾಗಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನೈರೋಬಿಯ ಭಾರತೀಯ ಕಂಪನಿಯೊಂದರಲ್ಲಿ ನೀರಿನ ತೊಟ್ಟಿಗಳ ನಕ್ಷೆ ಹಾಕುತ್ತಿದ್ದೆ. ಹತ್ತು ಅಡಿ ಬೇಕೆಂದಲ್ಲಿ ಎಂಟರಲ್ಲಿ ಮುಗಿಸಿ ಬೆನ್ನು ತಟ್ಟಿಸಿಕೊಳ್ಳುವವನು. ಗ್ರಾಹಕನೊಬ್ಬ ಕರಾವಳಿಯಲ್ಲಿ ಓರ್ಕಾ ತಿಮಿಂಗಿಲದ ಆಟ ತೋರಿಸಲು ಕೊಳ ಬೇಕೆಂದಾಗ, ಹದಿನಾಲ್ಕು ಜನ ಕೂರುವ ಮಟಾಟು ವ್ಯಾನಿಗಿಂತ ಉದ್ದದ ಆ ಪ್ರಾಣಿಯನ್ನೂ ಆದಷ್ಟು ಚಿಕ್ಕದರಲ್ಲಿ ಹಿಡಿಸಿಬಿಟ್ಟೆ. ಸುತ್ತಲೂ ಗಾಜು, ಗಾಜಿನಾಚೆ ಕುರ್ಚಿಗಳು.

ಸೌತ್ ಸಿ ಬಡಾವಣೆಯ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ ಹರಡಿದ್ದ ನಕ್ಷೆಯನ್ನು ಒಂಬತ್ತು ವರ್ಷದ ಮಗಳು ಬಗ್ಗಿ ನೋಡಿದಳು. ನಾನು ಕನ್ನಡದಲ್ಲಿ ವಿವರಿಸಿದೆ, ಅವಳು ಎಂದಿನಂತೆ ಇಂಗ್ಲಿಷಿನಲ್ಲಿ ಕೇಳಿದಳು.

"ಅಪ್ಪಾ, ವೇರ್ ಡಸ್ ಇಟ್ ಹೈಡ್?"

ಜನ ನೋಡುವುದು ಬೇಡವೆನಿಸಿದಾಗ ಅದು ಎಲ್ಲಿಗೆ ಹೋಗಬೇಕು? ಒಂದು ಮೂಲೆಯನ್ನೂ ನಾನು ಬಿಟ್ಟಿರಲಿಲ್ಲ. ಸಿಟ್ಟು ಬಂತು, ಅವಳ ಮೇಲಲ್ಲ.

"ಅದಕ್ಕೊಂದು ರೂಮು ಹಾಕ್ತೀನಿ ಪುಟ್ಟಿ," ಎಂದೆ.

ಮರುದಿನ ಅಪ್ಪರ್ ಹಿಲ್‌ನಲ್ಲಿದ್ದ ಗ್ರಾಹಕನ ಆಫೀಸಿಗೆ ಹೋದಾಗ ನಕ್ಷೆಯಲ್ಲಿ ದೊಡ್ಡ ಕೊಳದ ಹಿಂಬದಿಗೆ ಗಾಜಿಲ್ಲದ ಸಣ್ಣ ಕೊಳವೊಂದು ಸೇರಿತ್ತು. ಗ್ರಾಹಕ ಅದರ ಮೇಲೆ ಅಡ್ಡ ಗೀಟೆಳೆದ. ಟಿಕೆಟ್ ಕೊಂಡವರು ಬರೀ ನೀರು ನೋಡಬೇಕೇ ಎಂದ. ನನ್ನ ಪಕ್ಕದಲ್ಲಿ ನಮ್ಮ ಮ್ಯಾನೇಜರು, ಮೈಸೂರಿನವರು. ಗ್ರಾಹಕರೆದುರು ಜಗಳ ಬಂದರೆ ನಾವಿಬ್ಬರೂ ನಗುನಗುತ್ತಲೇ ಕನ್ನಡದಲ್ಲಿ ಕಚ್ಚಾಡುತ್ತಿದ್ದೆವು.

"ಅದಿಲ್ದೆ ನಾನು ಸೈನ್ ಹಾಕಲ್ಲ ಸರ್," ಎಂದೆ ಹಲ್ಲು ಬಿಡುತ್ತಾ. "ಹುಚ್ಚು ಹಿಡಿದು ಗೋಡೆಗೆ ತಲೆ ಚಚ್ಕೊಳ್ಳುತ್ತೆ ಅದು."

ಅವರೂ ನಕ್ಕರು. "ನಿಮ್ಮ ವರ್ಕ್ ಪರ್ಮಿಟ್ ರಿನ್ಯೂವಲ್ ನನ್ನ ಟೇಬಲ್ ಮೇಲಿದೆ ಕಣ್ರೀ. ನಾನು ಕಳಿಸ್ದೆ ಇದ್ರೆ ಮಗಳ ಸ್ಕೂಲ್ ಬಿಡಿಸಿ ಗಂಟುಮೂಟೆ ಕಟ್ಬೇಕಾಗುತ್ತೆ. ನಗ್ತಾ ನಗ್ತಾ ಸೈನ್ ಹಾಕಿ."

ಏನಾದರೂ ತೊಂದರೆಯೇ ಎಂದು ಗ್ರಾಹಕ ವಿಚಾರಿಸಿದ. "ಸವಾ, ಸವಾ," ಎಲ್ಲ ಸರಿಯಿದೆ ಎಂದರು ಮ್ಯಾನೇಜರು. ನಾನು ಪೆನ್ನಿನ ಮುಚ್ಚಳ ತೆಗೆದೆ. ಅವರಿಬ್ಬರೂ ಕಾಯುತ್ತಿದ್ದರು. ಸಹಿ ಹಾಕಿದೆ. ಅಷ್ಟು ಹೇಡಿಯಾಗಿ ನನ್ನನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಪರವಾನಗಿ ಸಿಗದೆ ಆ ಕೊಳ ಮೇಲೇಳಲೇ ಇಲ್ಲ. ಅದರಲ್ಲಿ ನನ್ನ ಪಾಲೇನೂ ಇಲ್ಲ. ನನ್ನನ್ನು ಇಂದಿಗೂ ಬಿಡದಿರುವುದು ಆ ಸಂಜೆ. ಬಾಗಿಲಲ್ಲೇ ಮಗಳು ಕೇಳಿದಳು, ರೂಮು ಹಾಕಿದೆಯಾ ಎಂದು. ಹಾಕಿದೆ ಎಂದೆ. ಎಷ್ಟು ದೊಡ್ಡದು ಎಂದಳು. ಸೋಫಾದಿಂದ ಕಿಟಕಿಯವರೆಗೆ ಹೆಜ್ಜೆ ಹಾಕಿ ತೋರಿಸಿದೆ. ಅವಳು ಅಲ್ಲೇ ನೆಲದ ಮೇಲೆ ಮಲಗಿ, ಕೈ ಚಾಚಿ, ಒಮ್ಮೆ ಹೊರಳಿ ನೋಡಿದಳು.

"ಟೂ ಸ್ಮಾಲ್, ಅಪ್ಪಾ."

ಇಲ್ಲದ ಆ ರೂಮಿಗೆ ಇನ್ನೆರಡು ಅಡಿ ಸೇರಲೆಂದು ಸೋಫಾವನ್ನು ಹಿಂದಕ್ಕೆ ತಳ್ಳಿದೆ.