ಕಡ ಕೊಟ್ಟ ಹುಡುಗಿ

ಅಡಿಲೇಡಿನಲ್ಲಿ ‘ಫುಟಿ’ ಎಂದರೆ ಬೇರೆ ಆಟ. ದುಂಡು ಮೈದಾನ, ಸಾಲಾಗಿ ನಾಲ್ಕು ಕಂಬ, ತೋಳಿಲ್ಲದ ಬನಿಯನ್ನು, ಒಬ್ಬರ ಹೆಗಲ ಮೇಲೊಬ್ಬರು ನೆಗೆಯುವ ಹುಡುಗರು. ಮೊದಲು ಪರ್ತ್‌ನಲ್ಲಿ ಮಗಳ ಮನೆಯಲ್ಲಿದ್ದೆವಲ್ಲ, ಅಲ್ಲಿಯೂ ಇದೇ. ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟಕ್ಕೆ ಪಿಕ್ನಿಕ್ ಹೋದರೂ ಪಕ್ಕದ ಚಾಪೆಯವರು ಅದನ್ನೇ ಮಾತಾಡುತ್ತಿದ್ದರು. ನಮ್ಮದು ರಗ್ಬಿ ಲೀಗ್. ಹದಿಮೂರು ಜನ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಎದುರಿನ ಹದಿಮೂರು ಜನರ ಗೋಡೆಗೆ ಹೋಗಿ ಗುದ್ದುವ ಆಟ. ಗುದ್ದಿ ಗುದ್ದಿ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದಕ್ಕೆ ‘ಟ್ರೈ’ ಎನ್ನುತ್ತಾರೆ. ಬ್ರಿಸ್ಬೇನಿನಲ್ಲಿ ಈ ಆಟ ಮನೆದೇವರು. ಇಲ್ಲಿ ಮಲಮಗು.

ಕಿಲ್ಬರ್ನಿನ ಗೋಡೌನುಗಳ ಹಿಂದೆ ನಮ್ಮ ಕ್ಲಬ್ಬು. ಮೊಮ್ಮಗಳು ಅಲ್ಲಿ ಆಡಲು ಸೇರಿದಾಗ ನಾನು ಕಾರಿನಲ್ಲೇ ಕುಳಿತು ಕಾಯುತ್ತಿದ್ದೆ. ಒಂದು ಚಳಿಯ ಶನಿವಾರ ಯಾರೋ ಕಿಟಕಿ ತಟ್ಟಿ ಒಂದು ಇಕ್ಕಳ ಕೈಗಿತ್ತು ‘ಆಂಟಿ, ಬಾರ್ಬಿ ಹತ್ತಿರ ಬೆಚ್ಚಗಿರುತ್ತೆ, ಬನ್ನಿ’ ಎಂದರು. ಬಾರ್ಬಿ ಎಂದರೆ ಬಯಲಿನಲ್ಲಿ ಸಾಸೇಜು ಸುಡುವ ಹಂಚಿನ ಒಲೆ. ಸಾಸೇಜು ನಾನು ಮುಟ್ಟುವುದಿಲ್ಲ, ಈರುಳ್ಳಿ ಬಾಡಿಸಿಕೊಡುತ್ತೇನೆ ಎಂದೆ. ಅಂದಿನಿಂದ ಆ ಕ್ಲಬ್ಬಿನ ಈರುಳ್ಳಿ ನನ್ನದು. ಸ್ವಲ್ಪ ಸಾಸಿವೆ ಒಗ್ಗರಣೆ ಬಿದ್ದಿದೆ ಎಂದು ಯಾರೂ ದೂರಿಲ್ಲ.

ಎರಡನೆಯ ಕೆಲಸ ಸಿಕ್ಕಿದ್ದು ನನ್ನ ಕೈಬರಹದಿಂದ. ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಸಿಸ್ಟರ್ ಅಕ್ಷರವನ್ನೂ ಚಿತ್ರದ ಹಾಗೆಯೇ ಬರೆಸುತ್ತಿದ್ದರು. ಯಾವ ಅಕ್ಷರಕ್ಕೆ ಎಷ್ಟು ಹೊಟ್ಟೆ, ಎಷ್ಟು ಬೆನ್ನು, ಕುಂಚವನ್ನು ಎಲ್ಲಿ ಒತ್ತಬೇಕು, ಎಲ್ಲಿ ಹಗುರ ಮಾಡಬೇಕು, ಎಲ್ಲಕ್ಕೂ ಲೆಕ್ಕ. ‘ಚೈಲ್ಡ್, ಅವಸರದ ಅಕ್ಷರ ಸುಳ್ಳು ಹೇಳುತ್ತದೆ’ ಎನ್ನುತ್ತಿದ್ದರು. ಆ ಉದ್ದ ಕಾರಿಡಾರು, ಒದ್ದೆ ಸೀಮೆಸುಣ್ಣದ ವಾಸನೆ, ಈಗಲೂ ಒಮ್ಮೊಮ್ಮೆ ಮೂಗಿಗೆ ಬರುತ್ತದೆ. ಕ್ಯಾಂಟೀನಿನ ಕರಿಹಲಗೆಯ ಮೇಲೆ ನಾನು ‘ಆನಿಯನ್ಸ್’ ಎಂದು ಬರೆದದ್ದನ್ನು ನೋಡಿ ಕ್ಲಬ್ಬಿನ ಪ್ರೆಸಿಡೆಂಟು ಬೆರಗಾಗಿ ನಿಂತ. ಹಿಂದೆ ಇದೇ ಕ್ಲಬ್ಬಿಗೆ ಆಡಿ, ಆಮೇಲೆ ಹೆಂಗಸರ ತಂಡಕ್ಕೆ ಕೋಚ್ ಆಗಿದ್ದವನು. ಮೂಗು ಎರಡು ಕಡೆ ಸೊಟ್ಟ. ನನ್ನ ಮಗನ ವಯಸ್ಸು, ನನ್ನನ್ನು ‘ಲವ್’ ಎನ್ನುತ್ತಾನೆ.

‘ಲವ್, ಆನರ್ ಬೋರ್ಡ್ ಬರೀತೀಯಾ? ಕ್ಲಬ್ಬಿನ ಹಿಸ್ಟರಿ ಪೂರ್ತಿ ಗೋಡೆ ಮೇಲೆ ಬರಬೇಕು, ಚಿನ್ನದ ಬಣ್ಣದಲ್ಲಿ.’

ಅವನೂ ಉಳಿದವರೂ ಆಡಿದ್ದು ಇಂಗ್ಲಿಷು. ನನ್ನ ಕಿವಿ ಅದನ್ನು ಕನ್ನಡ ಮಾಡಿಯೇ ಒಳಗೆ ಬಿಟ್ಟುಕೊಳ್ಳುತ್ತದೆ, ಹಾಗೇ ಬರೆಯುತ್ತಿದ್ದೇನೆ.

ಈ ಆಟದವರಲ್ಲಿ ಒಂದು ಪದ್ಧತಿಯಿದೆ. ಕ್ಲಬ್ಬಿನ ಮೊದಲ ತಂಡಕ್ಕೆ ಒಂದೇ ಒಂದು ಮ್ಯಾಚು ಆಡಿದರೂ ಸಾಕು, ನಿಮಗೊಂದು ನಂಬರು. ಬೆನ್ನ ಮೇಲಿನ ಜೆರ್ಸಿ ನಂಬರು ವಾರಕ್ಕೊಮ್ಮೆ ಬದಲಾಗಬಹುದು, ಇದು ಬದಲಾಗುವುದಿಲ್ಲ. ಯಾವ ಕ್ರಮದಲ್ಲಿ ಮೈದಾನಕ್ಕಿಳಿದಿರೋ ಆ ಕ್ರಮ, ಸತ್ತ ಮೇಲೂ ನಿಮ್ಮದೇ. ಗಂಡಸರದು ಒಂದು ಸಾಲು. ಈಚಿನ ವರ್ಷಗಳಲ್ಲಿ ಶುರುವಾದ ಹೆಂಗಸರ ತಂಡಕ್ಕೆ ಇನ್ನೊಂದು ಸಾಲು, ಒಂದರಿಂದ.

ಗಂಡಸರ ಸಾಲು ಮುಗಿಸಿ ಹೆಂಗಸರ ಪಟ್ಟಿ ಕೈಗೆತ್ತಿಕೊಂಡೆ. ಮೊಮ್ಮಗಳ ಹೆಸರು ಇರಲಿಲ್ಲ.

ಅವಳು ಆಡಿದ್ದು ಒಂದೇ ಮ್ಯಾಚು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಡೀ ಸೀಸನ್ ಮೊದಲ ತಂಡಕ್ಕೆ ಕಾದು, ಆವತ್ತು ಕರೆ ಬಂದಿತ್ತು. ಹಿಂದಿನ ದಿನವೇ ಬೂಟು ತೊಳೆದು ಬಾಲ್ಕನಿಯಲ್ಲಿ ಒಣಗಿಸಿದ್ದಳು. ಎದುರು ತಂಡದವರು ಬಂದಾಗ ಒಬ್ಬಳು ಕಮ್ಮಿ. ಆಟಗಾರರೇ ಕಮ್ಮಿಯಿರುವ ಊರಿನಲ್ಲಿ ಇದು ಮಾಮೂಲು. ಮ್ಯಾಚು ಕೆಡಿಸುವ ಬದಲು ನಮ್ಮವರನ್ನು ಅವರಿಗೆ ಕೊಡುತ್ತೇವೆ, ಇನ್ನೊಂದು ವಾರ ಅವರು ನಮಗೆ ಕೊಡುತ್ತಾರೆ. ಬೆಂಚಿನ ಮೇಲೆ ಇಬ್ಬರು ಹೊಸ ಹುಡುಗಿಯರು ಕುಳಿತಿದ್ದರು. ಕೋಚಿನ ಬೆರಳು ಗೇಟಿನ ಪಕ್ಕದಲ್ಲಿದ್ದವಳ ಕಡೆ ತಿರುಗಿತು. ‘ನೀನು. ಹೋಗು.’ ಮೊಮ್ಮಗಳು ನಮ್ಮ ಜೆರ್ಸಿ ಕಳಚಿ, ಮಡಿಸಿ ಬೆಂಚಿನ ಮೇಲಿಟ್ಟು, ಅವರದನ್ನು ತೊಟ್ಟುಕೊಂಡು ಹೋದಳು.

ಹೋಗಿ ನಮ್ಮ ಮೇಲೆಯೇ ಟ್ರೈ ಹೊಡೆದಳು! ಅಂಚಿನ ಗೆರೆಯ ಗುಂಟ ಓಡಿ, ನಮ್ಮ ದೊಡ್ಡ ಹುಡುಗಿಯೊಬ್ಬಳನ್ನು ಕುಂಡೆಯ ಮೇಲೆ ಕೂರಿಸಿ ದಾಟಿಬಿಟ್ಟಳು. ಕ್ಯಾಂಟೀನಿನವರಿಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ನಾನು ಇಕ್ಕಳದಿಂದ ಕಬ್ಬಿಣದ ಹಂಚನ್ನು ಬಡಿದೆ.

ಮುಂದಿನ ವಾರ ಪ್ರಾಕ್ಟೀಸಿನಲ್ಲಿ ಮಂಡಿ ತಿರುಚಿತು. ಆಪರೇಷನ್ ಆಯಿತು. ಡಾಕ್ಟರು ಇನ್ನು ಈ ಆಟ ಬೇಡ ಎಂದರು. ಅವಳು ಓದಲು ಬ್ರಿಸ್ಬೇನಿಗೆ ಹೋದಳು, ಅಲ್ಲೇ ಕೆಲಸ ಸಿಕ್ಕಿತು, ಈಗ ಕ್ಯಾಲಮ್‌ವೇಲ್‌ನಲ್ಲಿ ಮನೆ. ಅಲ್ಲಿ ಆಫೀಸಿನಲ್ಲಿ ಸೋಮವಾರ ಬಂತೆಂದರೆ ಲೀಗಿನದೇ ಮಾತು. ಒಂದು ಸಲ ಫೋನಿನಲ್ಲಿ ಹೇಳಿದಳು.

‘ನಾನೂ ಆಡ್ತಿದ್ದೆ ಅಂದೆ ಅಜ್ಜಿ. ಯಾವ ಕ್ಲಬ್ಬಿಗೆ ಅಂತ ಕೇಳಿದ್ರು.’

‘ನೀನೇನಂದೆ?’

‘ಯಾವ್ದಕ್ಕೂ ಇಲ್ಲ ಅಂದೆ. ನಕ್ರು. ನಾನೂ ನಕ್ಕೆ.’

ಆ ನಗು ನನ್ನ ಎದೆಯಲ್ಲಿ ಮುಳ್ಳಿನಂತೆ ಕುಳಿತಿತ್ತು. ಪಟ್ಟಿ ಹಿಡಿದು ನೇರ ಪ್ರೆಸಿಡೆಂಟಿನ ಹತ್ತಿರ ಹೋದೆ.

‘ಒಂದು ಹೆಸರು ಬಿಟ್ಟುಹೋಗಿದೆ.’

‘ಬಿಟ್ಟುಹೋಗಿಲ್ಲ ಲವ್. ಅವಳು ಆಡಿದ್ದು ಅವರ ಕಡೆಗೆ.’

‘ಕಳಿಸಿದ್ದು ಯಾರು?’

‘ನಾನೇ. ಆದ್ರೆ ರೆಕಾರ್ಡ್ ರೆಕಾರ್ಡೇ. ಸ್ಕೋರ್ ಶೀಟಿನಲ್ಲಿ ಅವಳು ಅವರವಳು. ನಮ್ಮ ಮೇಲೆ ಟ್ರೈ ಹೊಡೆದಿದ್ದಾಳೆ ಮಾರಾಯ್ತಿ!’

‘ಚೆನ್ನಾಗಿ ಹೊಡೆದಳು, ಅಲ್ವಾ?’

‘ಅದ್ಭುತವಾಗಿ. ಅದು ಬೇರೆ ಮಾತು.’

ನನಗೆ ಅದು ಬೇರೆ ಮಾತಾಗಿ ಕಾಣಲಿಲ್ಲ. ನಮ್ಮಲ್ಲಿ ಒಂದು ಗಾದೆಯಿದೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು. ಸ್ವಲ್ಪ ಹಿಂದೆ ನನ್ನ ತವರಿನ ಕಡೆಯ ಒಬ್ಬ ಅಣ್ಣ ತುಂಬ ಶ್ರಮಪಟ್ಟು ನಮ್ಮ ವಂಶವೃಕ್ಷ ಮಾಡಿಸಿ ವಾಟ್ಸ್ಯಾಪಿನಲ್ಲಿ ಕಳಿಸಿದ್ದ. ಮುತ್ತಜ್ಜ, ಅಜ್ಜ, ಅಪ್ಪ, ಅಪ್ಪನ ಕೆಳಗೆ ನನ್ನ ತಮ್ಮ. ಒಂದೂ ಹೆಣ್ಣಿಲ್ಲ. ನಮ್ಮ ವಂಶದ ಗಂಡಸರೆಲ್ಲ ಗಂಡಸರಿಗೇ ಹುಟ್ಟಿದವರು. ‘ನಾವೆಲ್ಲ ಎಲ್ಲಿ?’ ಎಂದು ಕೇಳಿದೆ. ಕೈಮುಗಿದಿರುವ ಒಂದು ಚಿತ್ರ ಕಳಿಸಿದ, ಅಷ್ಟೇ. ಸಮುದ್ರ ದಾಟಿ, ಮೂರು ಊರು ಬದಲಿಸಿ, ಗೋಡೌನುಗಳ ಹಿಂದಿನ ಒಂದು ಮೈದಾನಕ್ಕೆ ಬಂದರೆ ಇಲ್ಲಿಯೂ ಅದೇ ಗಾದೆ ಅಂಗಿ ಬದಲಾಯಿಸಿಕೊಂಡು ನಿಂತಿದೆಯಲ್ಲ!

‘ನೋಡು,’ ಎಂದೆ, ‘ಮೈಸೂರಿನಲ್ಲಿ ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕಡ ಕೊಡುತ್ತಿದ್ದೆವು. ಕೊಟ್ಟ ಕೂಡಲೇ ಅದು ಅವರದಾಗುತ್ತಿರಲಿಲ್ಲ. ನೀನು ಹುಡುಗಿಯನ್ನು ಕಡ ಕೊಟ್ಟೆ, ದಾನ ಕೊಡಲಿಲ್ಲ.’

ಅವನು ಕಮಿಟಿಯಲ್ಲಿ ಕೇಳುತ್ತೇನೆಂದ. ಕೇಳಿ ಬಂದ. ಹೆಸರು ಹಾಕೋಣ, ಪಕ್ಕದಲ್ಲಿ ಒಂದು ಸ್ಟಾರ್ ಗುರುತು ಇರಲಿ, ನಂಬರು ಬೇಡ, ಎಲ್ಲರಿಗಿಂತ ಕೆಳಗೆ ಬರೆಯೋಣ ಎಂದರಂತೆ. ಪಂಕ್ತಿಯಲ್ಲಿ ಎಲ್ಲರದೂ ಆದಮೇಲೆ ಹಿತ್ತಲಲ್ಲಿ ಎಲೆ ಹಾಕಿದ ಹಾಗೆ. ನಾನು ಒಲ್ಲೆ ಎಂದೆ.

‘ಮೊಮ್ಮಗಳು ಅಂತ ಹೀಗೆ ಹಟ ಮಾಡ್ತಿದೀಯ ಅಂತ ಜನ ಆಡ್ಕೋತಾರೆ.’

‘ಆಡ್ಕೊಳ್ಳಲಿ. ಮೊಮ್ಮಗಳು ಅಂತಲೇ ಹಟ ಮಾಡ್ತಿರೋದು. ಮಿಕ್ಕವರನ್ನೂ ಹೀಗೆ ಕೊಟ್ಟಿದ್ರೆ ಅವರ ಅಜ್ಜಿಯರನ್ನೂ ಕರ್ಕೊಂಡು ಬಾ.’

ಆಗ ಅವನು ನಿಜವಾದ ತೊಡಕನ್ನು ಹೇಳಿದ. ಒಂದೇ ದಿನ ಇಳಿದವರಿಗೆ ಹೆಸರಿನ ಅಕ್ಷರಕ್ರಮ, ಅದರಲ್ಲಿ ನಮ್ಮವಳು ಮೊದಲು. ಅವಳನ್ನು ಕ್ರಮದಲ್ಲಿ ಸೇರಿಸಿದರೆ ಅಲ್ಲಿಂದ ಮುಂದಿನವರೆಲ್ಲ ಒಂದೊಂದು ನಂಬರು ಕೆಳಗೆ ಸರಿಯಬೇಕು. ಸರಿಯಲಿ ಎಂದರೆ, ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಆ ಇನ್ನೊಬ್ಬ ಹುಡುಗಿ, ಆವತ್ತೇ ನಮ್ಮ ಕಡೆಯಿಂದ ಮೊದಲ ಮ್ಯಾಚು ಆಡಿದವಳು, ತನ್ನ ಮೂವತ್ತೇಳನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾಳೆ.

‘ಅವಳ ತೋಳು ನೋಡಿದೀಯ ತಾನೇ? ಹೋಗಿ ನೀನೇ ಹೇಳು, ಮೂವತ್ತೆಂಟು ಮಾಡ್ಕೋ ಅಂತ.’

ನೋಡಿದ್ದೆ. ರುಬ್ಬುವ ಗುಂಡಿನಂಥ ತೋಳು. ಅದರ ಮೇಲೆ ಹೂಬಳ್ಳಿಯ ನಡುವೆ ದೊಡ್ಡದಾಗಿ ಮೂವತ್ತೇಳು.

ಕುಂಚ ತೊಳೆದು ಬಟ್ಟೆಯಲ್ಲಿ ಸುತ್ತಿದೆ. ‘ಹಾಗಾದರೆ ಬೋರ್ಡು ಅರ್ಧಕ್ಕೇ ಇರಲಿ.’

‘ಸ್ಟಿಕರ್ ಪ್ರಿಂಟ್ ಮಾಡಿಸ್ತೀನಿ ಲವ್.’

‘ಮಾಡಿಸು. ಅಡಿಲೇಡಿನ ಬಿಸಿಲಿಗೆ ಎರಡು ಬೇಸಿಗೆ ತಡೆದರೆ ಹೆಚ್ಚು.’

ಮನೆಗೆ ಬಂದರೆ ಸುದ್ದಿ ನನಗಿಂತ ಮುಂಚೆ ಬ್ರಿಸ್ಬೇನ್ ಮುಟ್ಟಿತ್ತು. ಫೋನಿನಲ್ಲಿ ಮೊಮ್ಮಗಳು ಬೇಡಿಕೊಂಡಳು. ‘ಅಜ್ಜಿ, ಪ್ಲೀಸ್. ಒಂದು ಮಧ್ಯಾಹ್ನ ಆಡಿದ ಆಟ. ಸ್ಟಾರ್ ಹಾಕಿದ್ರೆ ಹಾಕ್ಲಿ. ನಂಗೇನೂ ಬೇಜಾರಿಲ್ಲ.’

‘ಬೇಜಾರಿಲ್ಲದವಳು ಆ ಬೂಟು ಯಾಕೆ ಇನ್ನೂ ಇಟ್ಕೊಂಡಿದ್ದೀಯ?’

‘ದಟ್ಸ್ ನಾಟ್ ಫೇರ್, ಅಜ್ಜಿ’ ಎಂದಳು. ಅದೊಂದು ಮಾತು ಮಾತ್ರ ಕನ್ನಡವಾಗದೆ ಹಾಗೇ ಉಳಿಯಿತು.

ಶನಿವಾರ ಈರುಳ್ಳಿ ಹೆಚ್ಚುತ್ತಿದ್ದೆ. ಕ್ಯಾಂಟೀನಿನ ಬಾಗಿಲಲ್ಲಿ ಬೆಳಕು ಮರೆಯಾಯಿತು. ಹಚ್ಚೆಯ ಹುಡುಗಿ.

‘ಆಂಟಿ, ನನ್ನ ನಂಬರ್ ಕಿತ್ಕೋತೀರಂತೆ?’

‘ಕೂತ್ಕೋ ಮಗು.’

‘ಕೂರಲ್ಲ. ನನ್ನ ಅಮ್ಮ ಈ ತೋಳು ನೋಡಿ ಅತ್ತಳು. ಬೇಜಾರಿಗಲ್ಲ, ಹೆಮ್ಮೆಗೆ. ನಮ್ಮ ಮನೇಲಿ ಯಾರ ಹೆಸರೂ ಯಾವ ಗೋಡೆ ಮೇಲೂ ಬಂದಿಲ್ಲ. ನಾನು ಕೆಳಗೆ ಸರಿಯಲ್ಲ.’

ನನಗೆ ಕೋಪ ಬರಲಿಲ್ಲ, ಖುಷಿಯಾಯಿತು. ಹುಡುಗಿಯೆಂದರೆ ಹೀಗಿರಬೇಕು. ‘ಸರೀಬೇಡ,’ ಎಂದೆ. ‘ನಾನೂ ಸರಿಯಲ್ಲ. ಇಬ್ಬರೂ ಹೀಗೇ ನಿಂತಿರೋಣ.’

ಅವಳು ಹಲಗೆಯ ಮೇಲಿದ್ದ ಒಂದು ಈರುಳ್ಳಿ ಚೂರು ತೆಗೆದು ಹಸಿಯದನ್ನೇ ತಿಂದಳು. ‘ಆವತ್ತು ನನ್ನನ್ನು ಕೂರಿಸಿ ಹೋದ್ಲಲ್ಲ ನಿಮ್ಮ ಹುಡುಗಿ. ನನ್ನ ಫಸ್ಟ್ ಗೇಮ್. ಎಲ್ರೂ ನಕ್ರು. ನನಗೆಷ್ಟು ಉರೀತು ಗೊತ್ತಾ?’

‘ಗೊತ್ತು. ನಾನು ಹಂಚು ಬಡಿದೆ.’

‘ಅದೂ ಕೇಳಿಸ್ತು!’ ನಕ್ಕಳು. ನಗು ನಿಂತ ಮೇಲೆ ದನಿ ತಗ್ಗಿತು. ‘ಬೆಂಚಲ್ಲಿ ಮೊದಲು ಗೇಟಿನ ಕಡೆ ಕೂತಿದ್ದವಳು ನಾನು, ಆಂಟಿ. ಅಲ್ಲಿ ಗಾಳಿ ಜಾಸ್ತಿ, ನಂಗೆ ಚಳಿ ಅಂದೆ. ಅವಳೇ ಎದ್ದು ಜಾಗ ಬದಲಾಯಿಸ್ಕೊಂಡ್ಲು. ಇಲ್ದಿದ್ರೆ ಕೋಚ್ ಬೆರಳು ತೋರಿಸ್ತಿದ್ದದ್ದು ನನ್ನನ್ನೇ.’

ಹೊರಗೆ ಹುಡುಗಿಯರು ಚೆಂಡು ಎಸೆದಾಡುತ್ತಿದ್ದರು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ತೋಳನ್ನು ಒಮ್ಮೆ ನೋಡಿಕೊಂಡಳು.

‘ನನ್ನ ಜಾಗ ಬಿಡಲ್ಲ. ಆದ್ರೆ ಒಂಚೂರು ಒತ್ತರಿಸ್ಕೋತೀನಿ. ಅವಳನ್ನೂ ಮೂವತ್ತೇಳಕ್ಕೇ ಬರೀರಿ.’

ಮೈಸೂರಿನ ಸಿಟಿ ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿಗೆ ಮೂರನೆಯವಳು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದರೆ ಯಾರೂ ಎದ್ದು ನಿಲ್ಲುವುದಿಲ್ಲ, ಯಾರೂ ಇಲ್ಲ ಎನ್ನುವುದೂ ಇಲ್ಲ. ಇಡೀ ದೇಶ ನಡೆಯುವುದೇ ಆ ಒಂದು ಗೇಣು ಜಾಗದಲ್ಲಿ. ಇಷ್ಟು ಸರಳವಾದದ್ದು ನನಗೇ ಹೊಳೆದಿರಲಿಲ್ಲ. ಕ್ರಮ ಕೆಡುವುದಿಲ್ಲ, ಯಾರೂ ಕೆಳಗೆ ಇಳಿಯುವುದಿಲ್ಲ, ತೋಳು ತೋಳಾಗಿಯೇ ಉಳಿಯುತ್ತದೆ.

ಈರುಳ್ಳಿಯನ್ನು ಅವಳ ಕೈಗೆ ಕೊಟ್ಟು ಕೈ ತೊಳೆದುಕೊಂಡೆ. ಪೆಟ್ಟಿಗೆಯಿಂದ ಕುಂಚ, ಬಣ್ಣ, ಕೈ ಊರಿಕೊಳ್ಳಲು ಕೋಲು ತೆಗೆದೆ. ಮೂವತ್ತಾರರವರೆಗೆ ಬರೆಯಲು ಮಧ್ಯಾಹ್ನ ತಿರುಗಿತು. ಮೂವತ್ತೇಳನ್ನು ಬರೆದು ಅದರ ಮುಂದೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದೆ. ಒಂದರ ಮೇಲೆ ಅವಳ ಹೆಸರು, ಇನ್ನೊಂದರ ಮೇಲೆ ನಮ್ಮವಳದು. ಒಂದೇ ಎತ್ತರ, ಒಂದೇ ದಪ್ಪ. ಅವಸರ ಮಾಡಲಿಲ್ಲ.

ಹಚ್ಚೆಯ ಹುಡುಗಿ ಎರಡು ಹೆಸರಿನ ಪಕ್ಕ ತನ್ನ ತೋಳಿಟ್ಟು ಫೋಟೋ ತೆಗೆದು ಬ್ರಿಸ್ಬೇನಿಗೆ ಕಳಿಸಿದಳು. ‘ಸ್ಟಾರ್ ಎಲ್ಲಿ?’ ಎಂದು ಉತ್ತರ ಬಂತು. ‘ಸ್ಟಾರ್ ಬೇಕಾದ್ರೆ ಆಕಾಶ ನೋಡ್ಕೋ’ ಎಂದು ಇವಳು ಬರೆದಳು. ಆಮೇಲೆ ಬಂದದ್ದನ್ನು ಅವಳು ನನಗೆ ಓದಿ ಹೇಳಿದಳು: ‘ನಮ್ಮ ಜೆರ್ಸಿ ಒಂದು ಕಳಿಸ್ತೀರಾ? ಸೋಮವಾರ ಆಫೀಸಿಗೆ ಹಾಕ್ಕೊಂಡು ಹೋಗ್ಬೇಕು.’

ಪ್ರೆಸಿಡೆಂಟು ಬರುವ ಹೊತ್ತಿಗೆ ಬಣ್ಣ ಇನ್ನೂ ಹಸಿಯಿತ್ತು. ಅವನ ಕೈಯಲ್ಲಿ ಕೆರೆಯುವ ಅಲಗು. ಬೋರ್ಡಿನ ಮುಂದೆ ನಿಂತು ಕೆಳಗಿನವರೆಗೆ ಓದಿದ.

‘ಒಂದು ನಂಬರಿಗೆ ಇಬ್ರಾ? ಹಾಗೆಲ್ಲ ರೂಲ್ ಇಲ್ಲ ಲವ್.’

‘ಹಾಗೆ ಕೂಡದು ಅಂತ ರೂಲ್ ಇದೆಯಾ?’

‘ಕಮಿಟಿ ಓಟ್ ಹಾಕ್ಬೇಕಾಗುತ್ತೆ.’

‘ಹಾಕಿ. ಬಣ್ಣ ಒಣಗೋದ್ರೊಳಗೆ ಹಾಕಿ.’

ಹಚ್ಚೆಯ ಹುಡುಗಿ ಕೈಕಟ್ಟಿಕೊಂಡು ನನ್ನ ಸ್ಟೂಲಿನ ಪಕ್ಕ ಬಂದು ನಿಂತಳು. ಅವನು ಅವಳ ತೋಳನ್ನು ನೋಡಿದ, ಬೋರ್ಡನ್ನು ನೋಡಿದ, ಸೊಟ್ಟ ಮೂಗನ್ನು ಅಂಗೈಯಿಂದ ಉಜ್ಜಿಕೊಂಡ. ಆಮೇಲೆ ಅಲಗು ಹಿಡಿದು ಹೊರಗೆ ಹೋಗಿ ಬಾರ್ಬಿಯ ಹಂಚಿಗೆ ಮೆತ್ತಿದ್ದ ಸಾಸೇಜಿನ ಕರಕಲನ್ನು ಗರಗರ ಕೆರೆಯತೊಡಗಿದ.

ನಾನು ಮೂವತ್ತೆಂಟನೆಯವಳಿಗೆ ಗೆರೆ ಎಳೆದೆ.